ನನ್ನ ಎಡಗಣ್ಣಿನ ಗೇಜು

ಗ್ಲಾಕೋಮಾ ನೋಯುವುದಿಲ್ಲ. ಹೆಚ್ಚಿನವರಿಗೆ ಅದು ಉರಿಯುವುದೂ ಇಲ್ಲ, ತುರಿಸುವುದೂ ಇಲ್ಲ, ಬಾಗಿಲು ತಟ್ಟಿ ‘ಬಂದೆ’ ಅನ್ನುವುದೂ ಇಲ್ಲ. ಕಣ್ಣೊಳಗಿನ ಒತ್ತಡ ಏರುತ್ತದೆ, ಹಿಂದಿರುವ ನರ ನಲುಗುತ್ತದೆ, ನೋಟ ಅಂಚಿನಿಂದ ಸವೆಯುತ್ತಾ ಬರುತ್ತದೆ. ಸವೆದದ್ದು ವಾಪಸ್ಸು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೇ. ಇಷ್ಟು ನಿಮಗೆ ಗೊತ್ತಿರಲಿ.

ನನಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಗೊತ್ತಿತ್ತು. ಆದರೂ ಏನಾಯಿತು ಅಂತ ಹೇಳುತ್ತೇನೆ. ನಗಬೇಕು ಅನಿಸಿದರೆ ನಗಿ, ಸಂಕೋಚ ಬೇಡ. ನನ್ನ ಮನೆಯಲ್ಲಿ ಈಗಾಗಲೇ ಇಬ್ಬರು ನಕ್ಕಿದ್ದಾರೆ. (ಹೆಂಡತಿ ನಕ್ಕು ಮುಗಿಸಿದ್ದಾಳೆ. ಇನ್ನೊಬ್ಬರು ನಮ್ಮ ಅತ್ತೆ. ಅವರದು ಇನ್ನೂ ನಡೆಯುತ್ತಿದೆ.)

ನನ್ನ ದೂರು ಇಷ್ಟೇ: ನನ್ನ ಹೆಂಡತಿಯೂ ಕಣ್ಣಿನ ಡಾಕ್ಟರಮ್ಮನೂ ಸೇರಿಕೊಂಡು ನನ್ನ ಎಡಗಣ್ಣೊಳಗೆ ಒಬ್ಬ ಗೂಢಚಾರನನ್ನು ಕೂರಿಸಿದ್ದಾರೆ. ಅವನಿಗೆ ಊಟ ಬೇಡ, ಸಂಬಳ ಬೇಡ, ಬ್ಯಾಟರಿಯೂ ಬೇಡ. ನಾನು ರೆಪ್ಪೆ ಬಡಿದರೆ ಸಾಕು, ಆ ಬಡಿತದಲ್ಲೇ ಹೊಟ್ಟೆ ತುಂಬಿಸಿಕೊಂಡು ನನ್ನ ಮೇಲೇ ಚಾಡಿ ಹೇಳುತ್ತಾನೆ. (ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ನಾನೇ. ಅದು ಬೇರೆ ವಿಷಯ.)

ನಾನು ಉಗಿ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಮೂರು ಆಸ್ಪತ್ರೆ, ಐದು ಹೋಟೆಲ್ಲುಗಳ ಹಾಸಿಗೆ ಬಟ್ಟೆಯೆಲ್ಲ ನಮ್ಮಲ್ಲಿ ಬೇಯುತ್ತದೆ. ಬೇಯಿಸುವ ಉಗಿ ನನ್ನದು. ಗಂಟೆಗೊಮ್ಮೆ ಗೇಜಿನ ಮುಂದೆ ನಿಂತು, ಪ್ರೆಶರ್ ಎಷ್ಟಿದೆ ಅಂತ ನೋಡಿ, ಲಾಗ್ ಬುಕ್ಕಿನಲ್ಲಿ ಬರೆಯುವುದು ಇಪ್ಪತ್ತೇಳು ವರ್ಷದಿಂದ ನನ್ನ ಕೆಲಸ. ಬಿಡುವಿದ್ದಾಗ ವಾರಪತ್ರಿಕೆಗೆ ಅಂಕಣ ಬರೆಯುತ್ತೇನೆ. ಬರವಣಿಗೆಯನ್ನು ನನಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. ಬಾಯ್ಲರ್ ಮುಂದಿನ ಸ್ಟೂಲಿನ ಮೇಲೆ ಕೂತು, ಹಳೇ ಪೇಪರು ಓದಿ ಓದಿ, ಸಿಟ್ಟು ಬಂದು ಬಂದು, ತಾನಾಗಿ ಬಂದದ್ದು.

ಹೋದ ವರ್ಷ ನಾನು ಬರೆದ ಒಂದು ಅಂಕಣ ಊರೆಲ್ಲ ಓಡಾಡಿತು. ನಮ್ಮ ಎರಡನೇ ಪಾಳಿಯ ಆಪರೇಟರನ್ನು ನಾವು ‘ಧ್ಯಾನಿ’ ಅಂತ ಕರೆಯುತ್ತಿದ್ದೆವು, ಯಾಕೆಂದರೆ ಅವನು ಗೇಜಿನ ಎದುರು ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದ. ಒಂದು ಸಂಜೆ ಕೊಡೆ ಮರೆತೆ ಅಂತ ನಾನು ವಾಪಸ್ಸು ಹೋದೆ. ಗಂಟೆ ಏಳು. ಲಾಗ್ ಬುಕ್ಕಿನಲ್ಲಿ ಮಾತ್ರ ಆಗಲೇ ಹತ್ತು ಗಂಟೆಯ ಪ್ರೆಶರ್ ಬರೆದಾಗಿತ್ತು! ಒಂದೇ ಪೆನ್ನು, ಒಂದೇ ಓಟ, ಒಂದೇ ಓರೆ. ನಾನು ಬಿಡುತ್ತೇನೆಯೇ? ‘ಗೇಜು ಸುಳ್ಳು ಹೇಳುವುದಿಲ್ಲ, ಪೆನ್ನು ಹೇಳುತ್ತದೆ’ ಅಂತ ತಲೆಬರಹ ಕೊಟ್ಟು, ಸುಳ್ಳು ಲಾಗಿನಿಂದ ಸಿಡಿದ ಬಾಯ್ಲರುಗಳ ಚರಿತ್ರೆಯನ್ನೆಲ್ಲ ಎತ್ತಿ ಆಡಿ, ಬೆವರಿಳಿಸಿಬಿಟ್ಟೆ. ಧ್ಯಾನಿಯನ್ನು ಬಾಯ್ಲರಿನಿಂದ ಎಬ್ಬಿಸಿ ಮೊದಲ ಪಾಳಿಯಲ್ಲಿ ಹೊದಿಕೆ ಮಡಚುವ ಮೇಜಿಗೆ ಹಾಕಿದರು. ಅವನು ಈಗಲೂ ನನಗೆ ನಮಸ್ಕಾರ ಹೇಳುತ್ತಾನೆ. ಹೇಳುವ ಧಾಟಿ ಮಾತ್ರ ಬೇರೆ.

ಇನ್ನು ನನ್ನ ಹೆಂಡತಿ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಅಂಥ ಕಾರುಗಳಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ, ನೋಡಿದ್ದೀರಲ್ಲ? ಸ್ಟೀರಿಂಗು ಕಲಿಯುವವನ ಕೈಯಲ್ಲಿ, ನಿಲ್ಲಿಸುವ ಅಧಿಕಾರ ಇವಳ ಕಾಲಲ್ಲಿ. ನಮ್ಮ ಸಂಸಾರವೂ ಇಪ್ಪತ್ತನಾಲ್ಕು ವರ್ಷದಿಂದ ಇದೇ ತಾಂತ್ರಿಕತೆಯ ಮೇಲೆ ನಡೆದಿದೆ.

ನನಗೆ ಗ್ಲಾಕೋಮಾ ಅಂತ ಗೊತ್ತಾದ ದಿನವೇ ಅವಳು ಸ್ಕೂಲಿನ ಪ್ರಗತಿ ಪತ್ರದ ಒಂದು ಕಟ್ಟು ಮನೆಗೆ ತಂದಳು. ಒಂದೊಂದು ಹಾಳೆಯಲ್ಲಿ ‘ಕ್ಲಚ್’, ‘ರಿವರ್ಸ್’ ಅಂತ ಅಚ್ಚಾದದ್ದನ್ನು ಹೊಡೆದುಹಾಕಿ ‘ಬೆಳಿಗ್ಗೆ ಹನಿ’, ‘ಸಂಜೆ ಹನಿ’ ಅಂತ ಬರೆದಳು. ವಾಶ್ ಬೇಸಿನ್ನಿನ ಕನ್ನಡಿಗೆ ಅಂಟಿಸಿದಳು. ದಿನಕ್ಕೆರಡು ಸಲ ಹನಿ ಬಿಟ್ಟುಕೊಂಡು, ಎರಡು ಸಲ ಗುರುತು ಹಾಕಬೇಕು. ಕೆಳಗೆ ‘ಈ ಅಭ್ಯರ್ಥಿ ರಸ್ತೆಗಿಳಿಯಲು ಯೋಗ್ಯರು’ ಅನ್ನುವ ಸಾಲು ಹಾಗೇ ಉಳಿದಿತ್ತು.

ಹನಿ ಹಾಕುತ್ತಿದ್ದೆ. (ಹೆಚ್ಚುಕಡಿಮೆ.) ನೀವೇ ಹೇಳಿ, ಬಿಟ್ಟರೆ ಚುರ್ ಅನ್ನುತ್ತದೆ, ಹತ್ತು ನಿಮಿಷ ಎಲ್ಲ ಮಂಜು ಮಂಜು, ಕಣ್ಣು ಕೆಂಪು. ಅಷ್ಟು ಕಷ್ಟಪಟ್ಟ ಮೇಲೆ ಕಾಣುವುದು ಅದೇ ಗೋಡೆ, ಅದೇ ಅತ್ತೆ. ಬಿಡದಿದ್ದರೂ ಅದೇ ಗೋಡೆ, ಅದೇ ಅತ್ತೆ. ಇಂಥ ಔಷಧಿಯ ಮೇಲೆ ಮನುಷ್ಯನಿಗೆ ಭಕ್ತಿ ಹೇಗೆ ಹುಟ್ಟುತ್ತದೆ?

ಮೂರು ತಿಂಗಳಿಗೊಮ್ಮೆ ತಪಾಸಣೆ. ಪ್ರತಿ ಸಲವೂ ಡಾಕ್ಟರಮ್ಮ ಪ್ರೆಶರ್ ನೋಡಿ ‘ಹದಿನಾಲ್ಕು, ಭೇಷ್’ ಅನ್ನುತ್ತಿದ್ದರು. (ಇಪ್ಪತ್ತೊಂದು ದಾಟಬಾರದಂತೆ.) ಆಮೇಲೆ ಇನ್ನೊಂದು ಕೋಣೆಯಲ್ಲಿ ಒಂದು ಗುಮ್ಮಟದೊಳಗೆ ತಲೆಯಿಟ್ಟು ಕೂರಬೇಕು. ಅಲ್ಲಿ ಇಲ್ಲಿ ಚುಕ್ಕೆ ಬೆಳಕು ಮಿಣುಕುತ್ತದೆ. ಕಂಡಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನೋಟ ಎಲ್ಲೆಲ್ಲಿ ಉಳಿದಿದೆ ಅಂತ ಅದು ನಕ್ಷೆ ಬರೆದುಕೊಡುತ್ತದೆ. ನಾನು ಬಲು ಉತ್ಸಾಹದಿಂದ ಒತ್ತುತ್ತಿದ್ದೆ.

“ಸರ್, ಇಲ್ಲದ ಬೆಳಕಿಗೂ ಒತ್ತುತ್ತಿದ್ದೀರಿ” ಅಂದಳು ಯಂತ್ರ ನಡೆಸುವ ಹುಡುಗಿ.

“ಈಗ ಬರುತ್ತೆ ಅಂತ ಅಂದಾಜು ಮಾಡಿದೆ ಕಣಮ್ಮ.”

“ಅಂದಾಜು ಮಾಡಬೇಡಿ ಸರ್. ಅದಕ್ಕೆ ಗೊತ್ತಾಗುತ್ತೆ.”

ಆ ಸಲದ ನಕ್ಷೆಯನ್ನು ಡಾಕ್ಟರಮ್ಮ ಹಿಂದಿನ ಸಲದ್ದರ ಪಕ್ಕ ಇಟ್ಟು ನೋಡಿದರು. ಬಲಗಣ್ಣಿನ ಮೇಲಂಚು ಮೊದಲೇ ಹೋಗಿತ್ತು. ಈಗ ಎಡಗಣ್ಣಿನಲ್ಲೂ ಒಂದು ಮೂಲೆ ಕಪ್ಪಾಗಿತ್ತು.

“ನನಗಿದು ಅರ್ಥ ಆಗ್ತಿಲ್ಲ ಸರ್. ಪ್ರೆಶರ್ ಪ್ರತಿ ಸಲ ಚೆನ್ನಾಗೇ ಇದೆ. ಹನಿ ಒಂದು ದಿನಾನೂ ತಪ್ಪಿಸಿಲ್ಲ ಅಂತೀರಿ. ಆದ್ರೂ ನೋಟ ಕಮ್ಮಿಯಾಗ್ತಿದೆ.”

“ರೀ, ಎಡಗಡೆಯಿಂದ ಯಾರಾದ್ರೂ ಬಂದ್ರೆ ಕಾಣಿಸುತ್ತಾ ನಿಮಗೆ?” ಪಕ್ಕದಲ್ಲಿದ್ದ ಹೆಂಡತಿ ಕೇಳಿದಳು.

“ಬಂದವರು ಮಾತಾಡಿಸಿದರೆ ಕಾಣಿಸುತ್ತೆ.”

“ಡಾಕ್ಟ್ರೇ, ಕನ್ನಡಿ ಮುರಿದಿರೋ ಕಾರನ್ನ ನಾನು ರೋಡಿಗೇ ಇಳಿಸಲ್ಲ. ಇವರನ್ನ ದಿನಾ ಬಾಯ್ಲರಿಗೆ ಕಳಿಸ್ತಿದೀನಿ” ಅಂದಳು. ನಾನು ಛಾವಣಿ ನೋಡಿದೆ.

ಆಗ ಡಾಕ್ಟರಮ್ಮ ಆ ಹೊಸ ವಸ್ತುವಿನ ಸುದ್ದಿ ತೆಗೆದರು. ಅಕ್ಕಿ ಕಾಳಿಗಿಂತ ಚಿಕ್ಕದು. ಚಿಕ್ಕ ಆಪರೇಷನ್ ಮಾಡಿ ಕಣ್ಣೊಳಗೆ ಇಟ್ಟುಬಿಡುತ್ತಾರೆ. ರೆಪ್ಪೆ ಬಡಿದಾಗಿನ ಅದುಮುವಿಕೆಯಿಂದಲೇ ತನಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಗಂಟೆಗೊಮ್ಮೆ ಕಣ್ಣಿನ ಪ್ರೆಶರ್ ಅಳೆದು, ಕನ್ನಡಕದ ಕಡ್ಡಿಗೆ ಸಿಕ್ಕಿಸಿದ ಗುಂಡಿಗೆ ಕಳಿಸುತ್ತದೆ. ಗುಂಡಿಯಿಂದ ಫೋನಿಗೆ.

“ಇನ್ನೂ ಪರೀಕ್ಷೆ ಮಾಡಿ ನೋಡ್ತಿರೋ ಹಂತ ಸರ್. ಒಪ್ಪಿಗೆ ಇದ್ರೆ ಮಾತ್ರ. ಮನೇಲಿ ಯೋಚನೆ ಮಾಡಿ...”

ಯೋಚನೆ! ನನ್ನ ರೋಮ ನೆಟ್ಟಗಾಗಿತ್ತು. ಗಂಟೆಗೊಮ್ಮೆ! ಇಪ್ಪತ್ತೇಳು ವರ್ಷ ನಾನು ನಿಂತುಕೊಂಡು ಮಾಡಿದ ಕೆಲಸವನ್ನು ಅಕ್ಕಿ ಕಾಳಿಗಿಂತ ಚಿಕ್ಕದೊಂದು ನನ್ನ ಕಣ್ಣೊಳಗೆ ಕೂತುಕೊಂಡು ಮಾಡುತ್ತದಂತೆ! ಅದು ಯಂತ್ರವಲ್ಲ, ಸಹೋದ್ಯೋಗಿ. ಅಲ್ಲೇ ಪೆನ್ನು ಕೇಳಿ ಸಹಿ ಹಾಕಿದೆ.

ಆಪರೇಷನ್ ಆದ ವಾರಕ್ಕೆ ಒಂದು ಅಂಕಣವನ್ನೂ ಹೊಡೆದೆ: ‘ಸುಳ್ಳು ಬರೆಯಲಾಗದ ಲಾಗ್ ಬುಕ್ಕು’. ಇಂಥದೊಂದು ಗೇಜನ್ನು ಪ್ರತಿಯೊಬ್ಬ ಅಧಿಕಾರಿಯ ಆತ್ಮಸಾಕ್ಷಿಯೊಳಗೂ ಕೂರಿಸಬೇಕು ಅಂತ ಅದರ ಕೊನೆಯ ಸಾಲು. ಸಂಪಾದಕರು ಫೋನು ಮಾಡಿ “ಆ ಸಾಲು ಭರ್ಜರಿ” ಅಂದರು. ನನಗೂ ಹಾಗೇ ಅನಿಸಿತ್ತು. ಅದು ಯಾರಿಗೆ ಭರ್ಜರಿಯಾಗಿ ಬೀಳಲಿದೆ ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ನನ್ನದು ಗುಂಡಿ ಒತ್ತುವ ಹಳೇ ಫೋನು. ಹಾಗಾಗಿ ನನ್ನ ಕಣ್ಣಿನ ಸುದ್ದಿಯೆಲ್ಲ ಹೆಂಡತಿಯ ಫೋನಿನ ಪಾಲಾಯಿತು. ನಾನು ಮನೆಯಲ್ಲಿರಲಿ, ಲಾಂಡ್ರಿಯಲ್ಲಿರಲಿ, ಕನ್ನಡಕದ ಗುಂಡಿ ಹೇಗೋ ಅವಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ಅವಳು ಅದಕ್ಕೆ ಲಾರಿ ಹಾರ್ನಿನ ಶಬ್ದ ಇಟ್ಟಳು. ಗಂಟೆಗೊಮ್ಮೆ ಅವಳ ಕೈಚೀಲದೊಳಗಿಂದ ಲಾರಿ ಕೂಗುತ್ತಿತ್ತು. ಕಲಿಯಲು ಬಂದವರು ನಡುರಸ್ತೆಯಲ್ಲಿ ಬೆಚ್ಚಿ ಬ್ರೇಕ್ ಒತ್ತಿಬಿಡುತ್ತಿದ್ದರಂತೆ. “ಹೆದರಬೇಡಮ್ಮ, ಅದು ನಮ್ಮನೆಯವರ ಕಣ್ಣು” ಅಂತ ಸಮಾಧಾನ ಮಾಡುತ್ತಿದ್ದಳಂತೆ. ಅದನ್ನು ಕೇಳಿದ ಮೇಲೆ ಅವರು ಇನ್ನೂ ಹೆದರುತ್ತಿದ್ದರಂತೆ.

ಮೊದಲ ಹತ್ತು ದಿನ ಎಲ್ಲ ಸೊಗಸಾಗಿತ್ತು. ಹೊಸತರ ಹುರುಪು, ಹನಿಯನ್ನು ಗಡಿಯಾರ ನೋಡಿಕೊಂಡು ಬಿಟ್ಟುಕೊಂಡೆ. ಹದಿನೈದು, ಹದಿನಾರು, ಹದಿನೈದು. ಆಮೇಲೆ ಹುರುಪು ಇಳಿಯಿತು, ಸಂಖ್ಯೆ ಏರಿತು. ಇಪ್ಪತ್ತೆರಡು. ಇಪ್ಪತ್ತೈದು. ಇಪ್ಪತ್ತೇಳು!

“ರೀ, ಹನಿ ಹಾಕ್ತಿದೀರಿ ತಾನೇ?”

“ಕನ್ನಡಿ ಮೇಲೆ ನೋಡ್ಕೊ.”

ಅವಳು ನೋಡಿದಳು. ಗುರುತುಗಳು ಸಾಲಾಗಿ ನಿಂತಿದ್ದವು, ಒಂದೂ ತಪ್ಪಿರಲಿಲ್ಲ. ಅವಳು ಆಸ್ಪತ್ರೆಗೆ ಫೋನು ಮಾಡಿದಾಗ ಅವರೂ ಅದನ್ನೇ ಕೇಳಿದರು: ಹನಿ ಸರಿಯಾಗಿ ಹಾಕುತ್ತಿದ್ದಾರಾ? ಇವಳು ನನ್ನ ಪರವಾಗಿ ಎದೆ ತಟ್ಟಿ ಹೇಳಿದಳು, “ಒಂದು ಹೊತ್ತೂ ಬಿಟ್ಟಿಲ್ಲ. ನಮ್ಮನೆಯವರು ಲಾಗ್ ವಿಷಯದಲ್ಲಿ ಬಹಳ ಕಟ್ಟುನಿಟ್ಟು.” ನಾನು ಪಕ್ಕದ ಕೋಣೆಯಲ್ಲಿ ಅದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡು, ಪೇಪರಿನ ಪುಟ ತಿರುವಿದೆ.

ಹಾಗಾದರೆ ಪ್ರೆಶರ್ ಏಕೆ ಏರುತ್ತಿದೆ? ಬಾಯ್ಲರಿನವನಿಗೆ ಈ ಪ್ರಶ್ನೆ ಹೊಸದಲ್ಲ. ಒಂದು ದಪ್ಪ ಪುಸ್ತಕ ತಂದು, ಗೆರೆ ಎಳೆದು, ‘ಸಮಯ’, ‘ಪ್ರೆಶರ್’, ‘ಕಾರಣ’ ಅಂತ ಮೂರು ಕಾಲಂ ಮಾಡಿದೆ. ಹೆಂಡತಿ ಹೇಳಿದ ಸಂಖ್ಯೆ ಬರೆದು, ಆ ಗಂಟೆಯಲ್ಲಿ ನನ್ನ ಮನಸ್ಸಿಗೆ ಆದ ಘಾತವನ್ನು ಎದುರಿಗೆ ದಾಖಲು ಮಾಡುತ್ತಾ ಹೋದೆ. ಒಂದು ದಿನದ್ದು ಕೊಡುತ್ತೇನೆ, ನೋಡಿ:

ಬೆಳಿಗ್ಗೆ ಎಂಟು — ಇಪ್ಪತ್ಮೂರು — ಟವೆಲ್ಲು ಸಿಗಲಿಲ್ಲ, ಸಿಕ್ಕಿದ್ದು ಒದ್ದೆ.
ಹತ್ತು — ಇಪ್ಪತ್ತೈದು — ಸಂಪಾದಕರು ಫೋನು ಮಾಡಿ ‘ಸ್ವಲ್ಪ ಮೃದು ಮಾಡಿ’ ಅಂದರು.
ಸಂಜೆ ಆರು — ಇಪ್ಪತ್ತೇಳು — ಅತ್ತೆ.

(ವಿವರ ಬರೆಯಲು ಕಾಲಂನಲ್ಲಿ ಜಾಗವಿರಲಿಲ್ಲ.)

ಎರಡು ವಾರದ ದಾಖಲೆ ಕೂಡಿಸಿದಾಗ ಸತ್ಯ ಹಗಲಿನಷ್ಟು ಸ್ಪಷ್ಟವಾಗಿತ್ತು: ನನ್ನ ಕಣ್ಣಿನ ಒತ್ತಡಕ್ಕೆ ಮೂಲ ಕಾರಣ ನನ್ನ ಮನೆ. ಊಟದ ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟು ಮಂಡಿಸಿದೆ.

“ಅಂದ್ರೆ ನಾನು ಮಾತಾಡಿದ್ರೆ ನಿಮ್ಮ ಕಣ್ಣು ಹೋಗುತ್ತಾ?” ಹೆಂಡತಿ ಕೇಳಿದಳು.

“ಮಾತಾಡಿದ್ರೆ ಅಲ್ಲ. ಆ ಶ್ರುತಿಯಲ್ಲಿ ಮಾತಾಡಿದ್ರೆ.”

“ಅಳಿಯಂದ್ರೇ, ನಾನು ಉಸಿರಾಡ್ಲಾ?” ಅತ್ತೆ ಕೇಳಿದರು. “ಒಳಗೆ ಎಳ್ಕೊಂಡ್ರೆ ಏರುತ್ತೋ, ಹೊರಗೆ ಬಿಟ್ರೆ ಏರುತ್ತೋ ಹೇಳಿ. ಯಾವುದು ಬೇಡವೋ ಅದನ್ನ ಬಿಟ್ಟುಬಿಡ್ತೀನಿ.”

“ನೋಡಿ, ಇದೇ! ಇದಕ್ಕೇ ಇಪ್ಪತ್ತೇಳು!” ಅಂತ ನಾನು ಕೂಗಿದೆ.

ಆದರೆ ಇವಳು ನಗಲಿಲ್ಲ. ಎದ್ದು ಹೋಗಿ ರೇಡಿಯೋ ಆರಿಸಿದಳು. ಆ ದಿನದಿಂದ ನಮ್ಮ ಮನೆ ಆಸ್ಪತ್ರೆಯ ವಾರ್ಡಾಯಿತು. ಕುಕ್ಕರ್ ಕೂಗುವ ಮೊದಲೇ ಓಡಿ ಹೋಗಿ ಒಲೆ ಆರಿಸುತ್ತಿದ್ದಳು. ಚಪ್ಪಲಿ ಚಟಪಟ ಅನ್ನುತ್ತದೆ ಅಂತ ಮನೆಯೊಳಗೆ ಬರಿಗಾಲಲ್ಲಿ ಓಡಾಡಿದಳು. ಅತ್ತೆ ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಕೊನೆಗೆ ಇವಳು ಸಂಜೆಯ ಬ್ಯಾಚನ್ನೂ ಬಿಟ್ಟಳು. ಕೆಲಸ ಮುಗಿಸಿ ಬರುವ ಹೆಂಗಸರಿಗೆಂದೇ ಅವಳು ಶುರು ಮಾಡಿದ ಬ್ಯಾಚು ಅದು. ಅದರ ಬಗ್ಗೆ ಮಾತಾಡುವಾಗ ಅವಳ ಮುಖವೇ ಬೇರೆಯಾಗುತ್ತಿತ್ತು. “ಸಂಜೆ ನಾನು ದಣಿದು ಬಂದು ಎಗರಾಡ್ತೀನಿ. ಅದಕ್ಕೇ ಇವರಿಗೆ ಏರುತ್ತೆ” ಅಂತ ಅತ್ತೆಯ ಹತ್ತಿರ ಹೇಳಿದ್ದು ನನಗೆ ಕೇಳಿಸಿತು.

ನಾನು ಏನು ಮಾಡಿದೆ ಗೊತ್ತೇ? ಆ ಮೌನದಲ್ಲಿ ಕಾಲು ಚಾಚಿ ಕೂತು ಮೂರು ಅಂಕಣ ಬರೆದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಎರಡನೇ ಬ್ರೇಕಿಲ್ಲದ ಕಾರು ಓಡಿಸುವ ಸುಖ! ಪ್ರೆಶರ್ ಮಾತ್ರ ಇಳಿಯಲಿಲ್ಲ. ಅದಕ್ಕೂ ಕಾರಣ ಬರೆದೆ: ‘ಮೌನದಲ್ಲೂ ಒಂದು ವ್ಯಂಗ್ಯವಿದೆ.’

ಈ ನಡುವೆ ಇನ್ನೊಂದು ಕೀಟಲೆ. ಬರೆಯುವಾಗ ಸಿಟ್ಟು ಬಂದರೆ ನಾನು ರೆಪ್ಪೆ ಬಡಿಯುವುದಿಲ್ಲವಂತೆ. ಹಾಳೆಯನ್ನೇ ದುರುಗುಟ್ಟಿ ನೋಡುತ್ತೇನಂತೆ. ಬಡಿಯದಿದ್ದರೆ ಗೂಢಚಾರನಿಗೆ ಉಪವಾಸ. ಗೂಢಚಾರ ಸುಮ್ಮನಾದರೆ ಹೆಂಡತಿಯ ಫೋನಿನಲ್ಲಿ ‘ಸುದ್ದಿ ಇಲ್ಲ’ ಅಂತ ಕೆಂಪು ಅಕ್ಷರ. ಉಗಿಯ ಗದ್ದಲದಲ್ಲಿ ನನ್ನ ಫೋನು ನನಗೆ ಕೇಳಿಸುವುದಿಲ್ಲ ಅಂತ ಅವಳು ತಕ್ಷಣ ಲಾಂಡ್ರಿಯ ಫೋನಿಗೇ ಕರೆ ಮಾಡುತ್ತಿದ್ದಳು. ಆ ಫೋನು ಇರುವುದು ಹೊದಿಕೆ ಮಡಚುವ ಮೇಜಿನ ಪಕ್ಕ. ಅಂದರೆ ಧ್ಯಾನಿಯ ಪಕ್ಕ.

ಅವನು ಫೋನಿಟ್ಟು, ಒಂದು ಹೊದಿಕೆಯನ್ನು ನಿಧಾನವಾಗಿ ಮಡಚಿ, ಬಾಯ್ಲರ್ ಕೋಣೆಯ ಬಾಗಿಲಿಗೆ ಬಂದು, ಉಗಿಯ ಗದ್ದಲದ ಮೇಲೆ ಇಡೀ ಲಾಂಡ್ರಿಗೆ ಕೇಳುವಂತೆ ಕೂಗುತ್ತಿದ್ದ: “ಸಾಹಿತಿಗಳೇ! ಮನೆಯಿಂದ ಫೋನು! ರೆಪ್ಪೆ ಬಡೀಬೇಕಂತೆ!”

ಇಸ್ತ್ರಿಯವರು, ಒಗೆಯುವವರು, ಲಾರಿ ಡ್ರೈವರು ಎಲ್ಲರೂ ತಿರುಗಿ ನೋಡುತ್ತಿದ್ದರು. ನಾನು ಅವರೆದುರು ನಿಂತು ಪಟಪಟ ರೆಪ್ಪೆ ಬಡಿಯುತ್ತಿದ್ದೆ. ಐವತ್ತೆರಡು ವರ್ಷದ ಗಂಡಸು!

ಅಂತೂ ತಪಾಸಣೆಯ ಮಂಗಳವಾರ ಬಂತು. ಹಿಂದಿನ ಮೂರು ದಿನ ನಾನು ಹನಿಯನ್ನು ಶ್ರದ್ಧೆಯಿಂದ ಹಾಕಿಕೊಂಡಿದ್ದೆ. (ಪ್ರತಿ ಸಲವೂ ಹಾಕುತ್ತೇನೆ. ಮನೆಗೆ ಯಾರಾದರೂ ಬರುತ್ತಾರೆ ಅಂದರೆ ನೀವು ಸೋಫಾದ ಮೇಲಿನ ಬಟ್ಟೆ ಎತ್ತಿಡುವುದಿಲ್ಲವೇ? ಹಾಗೆ.) ಆ ಬೆಳಿಗ್ಗೆ ಕನ್ನಡಿಯಿಂದ ಹನಿಯ ಹಾಳೆ ಕಿತ್ತು, ಕೂತಲ್ಲೇ ಅದನ್ನು ಪೂರ್ತಿ ಮಾಡಿ, ಹಳೆಯ ಹಾಳೆಗಳ ಜತೆ ಫೈಲಿಗೆ ಸೇರಿಸಿದೆ. ನನ್ನ ‘ಕಾರಣ’ಗಳ ದಪ್ಪ ಪುಸ್ತಕ ಕಂಕುಳಲ್ಲಿ. ಇವತ್ತು ಡಾಕ್ಟರಮ್ಮನ ಬಾಯಿಂದಲೇ ಹೇಳಿಸಿಬಿಡಬೇಕು, ಮನೆಯ ಶಾಂತಿಯೇ ಔಷಧಿ ಅಂತ. ಸಾಧ್ಯವಾದರೆ ಬರವಣಿಗೆಯಲ್ಲಿ.

ಡಾಕ್ಟರಮ್ಮನ ಮುಖ ಗಂಭೀರವಾಗಿತ್ತು.

“ನೀವು ಫೋನಲ್ಲಿ ಹೇಳಿದ ಸಂಖ್ಯೆ ಕೇಳಿ ನಾನು ನಿದ್ದೆಗೆಟ್ಟಿದ್ದೀನಿ ಅಮ್ಮ. ಹನಿ ತಪ್ಪದೆ ಹಾಕಿದ್ರೂ ಇಪ್ಪತ್ತೇಳು ಅಂದ್ರೆ ಔಷಧಿ ಇವರಿಗೆ ಹತ್ತುತ್ತಿಲ್ಲ ಅಂತ ಅರ್ಥ. ದೊಡ್ಡ ಆಪರೇಷನ್ ಮಾಡಿ ಪ್ರೆಶರ್ ಇಳಿಸಬೇಕು. ಅದರಲ್ಲಿ ಅಪಾಯ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಬಿಟ್ರೆ ಎಡಗಣ್ಣು ಉಳಿಯಲ್ಲ. ಮುಂದಿನ ವಾರ ದಿನ ಬರೆದಿದ್ದೀನಿ.”

ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡಳು.

“ಅದಕ್ಕೆ ಮುಂಚೆ ಮೂರು ತಿಂಗಳ ಗೆರೆ ಒಟ್ಟಿಗೆ ನೋಡೋಣ” ಅಂತ ಡಾಕ್ಟರಮ್ಮ ಹೆಂಡತಿಯ ಫೋನನ್ನು ತಮ್ಮ ಯಂತ್ರಕ್ಕೆ ಜೋಡಿಸಿದರು. ಗೋಡೆಯ ಪರದೆಯ ಮೇಲೆ ನನ್ನ ಎಡಗಣ್ಣಿನ ಇಡೀ ಚರಿತ್ರೆ ಮೂಡಿತು. ಮೊದಲ ಹತ್ತು ದಿನ ತಗ್ಗು ಬಯಲು. ಆಮೇಲೆ ಗುಡ್ಡಸಾಲು, ಉದ್ದಕ್ಕೂ ಗುಡ್ಡಸಾಲು. ಕೊನೆಯಲ್ಲಿ ಸರ್ರನೆ ಇಳಿಜಾರು, ಮತ್ತೆ ಬಯಲು.

ಡಾಕ್ಟರಮ್ಮ ಆ ಕೊನೆಯ ಬಯಲಿನ ಮೇಲೆ ಬೆರಳಿಟ್ಟರು. “ಶನಿವಾರದಿಂದ ಹದಿನೈದು. ಹನಿ ಕೆಲಸ ಮಾಡೋಕೆ ಶುರು ಮಾಡಿದೆ.” ನನ್ನ ಕಡೆ ತಿರುಗಿದರು. “ಇವತ್ತು ಅಪಾಯಿಂಟ್‌ಮೆಂಟ್ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಯ್ತು ಸರ್?”

ನಾನು ದಪ್ಪ ಪುಸ್ತಕ ತೆಗೆದೆ. “ಡಾಕ್ಟ್ರೇ, ಇದಕ್ಕೆಲ್ಲ ವೈಜ್ಞಾನಿಕ ಕಾರಣ ಇದೆ. ಶನಿವಾರದಿಂದ ನಮ್ಮ ಅತ್ತೆ...”

“ಒಂದು ನಿಮಿಷ ರೀ” ಅಂದಳು ಹೆಂಡತಿ. ಅವಳು ಫೈಲು ಬಿಚ್ಚಿ ಹನಿಯ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಳು. ವರ್ಷಕ್ಕೆ ನೂರಾರು ಪ್ರಗತಿ ಪತ್ರ ನೋಡುವವಳು. ಯಾರು ನಿಜವಾಗಿ ರಿವರ್ಸ್ ಕಲಿತರು, ಯಾರು ಬರೀ ಗುರುತು ಹಾಕಿಸಿಕೊಂಡರು ಅಂತ ದೂರದಿಂದಲೇ ಹೇಳುವವಳು. ಕನ್ನಡಿಯ ಮೇಲಿದ್ದಾಗ ಒಂದೊಂದೇ ಸಾಲು ನೋಡಿದ್ದಳು, ನನ್ನ ಮೇಲಿನ ನಂಬಿಕೆಯಿಂದ. ಈಗ ಒಟ್ಟಿಗೆ ನೋಡಿದಳು. ಒಂದೇ ಪೆನ್ನು. ಒಂದೇ ಓಟ. ಒಂದೇ ಓರೆ. ಅವಳ ಬೆರಳು ಕೊನೆಯ ಹಾಳೆಯ ಕೆಳಸಾಲಿಗೆ ಇಳಿದು ಅಲ್ಲೇ ನಿಂತಿತು.

“ರೀ.”

“ಏನು?”

“ಇವತ್ತು ಮಂಗಳವಾರ.”

“ಹೌದು.”

“ಶನಿವಾರ ಸಂಜೆ ಹನಿ ಹಾಕ್ಕೊಂಡಿದ್ದೀರಿ.”

“ಹೌದು, ಹಾಕ್ಕೊಂಡೆ. ಸಾಯಂಕಾಲ ಆರಕ್ಕೆ. ನೆನಪಿದೆ.”

“ಮೊನ್ನೆ ಶನಿವಾರ ಅಲ್ಲ ಕಣ್ರೀ. ಬರೋ ಶನಿವಾರ.”

ಬೆಳಗಿನ ಭರದಲ್ಲಿ ಹಾಳೆ ಮುಗಿಯುವವರೆಗೂ ಗುರುತು ಎಳೆದುಬಿಟ್ಟಿದ್ದೆ. ಇನ್ನೂ ಹುಟ್ಟದ ಬುಧವಾರ, ಗುರುವಾರ, ಶುಕ್ರವಾರ, ಶನಿವಾರಗಳ ಹನಿಯೆಲ್ಲ ನನ್ನ ಕಣ್ಣಿಗೆ ಬಿದ್ದಾಗಿತ್ತು. ಧ್ಯಾನಿ ಮೂರು ಗಂಟೆ ಮುಂದೆ ಬರೆದಿದ್ದ. ನಾನು ನಾಲ್ಕು ದಿನ. ಅವನ ಬಗ್ಗೆ ಇಡೀ ಪುಟ ಬರೆದವನು ನಾನು.

ಡಾಕ್ಟರಮ್ಮ ಆಪರೇಷನ್ನಿನ ಚೀಟಿಯನ್ನು ತೆಗೆದುಕೊಂಡು ನಾಲ್ಕು ಚೂರು ಮಾಡಿದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ನಿಮ್ಮ ಗುರುತು ನಂಬಿಕೊಂಡು ನಾನು ನಿಮ್ಮ ಕಣ್ಣು ಕೊಯ್ಯೋಕೆ ಹೊರಟಿದ್ದೆ ಸರ್. ಬೇಕಿಲ್ಲದ ಆಪರೇಷನ್. ಹನಿ ನಿಮಗೆ ಚೆನ್ನಾಗಿ ಹತ್ತುತ್ತೆ. ನೀವು ಅದಕ್ಕೆ ಹತ್ತುತ್ತಿಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದರು, “ಎಡಗಣ್ಣಲ್ಲಿ ಹೋದ ಮೂಲೆ ಹೋಯ್ತು. ಅದು ಬರಲ್ಲ. ಉಳಿದಿದ್ದು ಇನ್ನೂ ಬಹಳ ಇದೆ.”

ವಾಪಸ್ಸು ಬರುವಾಗ ಡ್ರೈವಿಂಗ್ ಸ್ಕೂಲಿನ ಕಾರು. ಅವಳು ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ. ಎರಡು ಸಿಗ್ನಲ್ ದಾಟಿದೆವು. ಮೂರನೆಯದರಲ್ಲಿ ಕೆಂಪು ದೀಪ ಬಿತ್ತು.

“ಎರಡು ತಿಂಗಳು ನಾನು ಮನೇಲಿ ಚಪ್ಪಲಿ ಹಾಕಲಿಲ್ಲ” ಅಂದಳು, ಎದುರಿಗೇ ನೋಡುತ್ತಾ. “ಬ್ಯಾಚು ಬಿಟ್ಟೆ. ನನ್ನ ದನಿಯಿಂದ ನಿಮ್ಮ ಕಣ್ಣು ಹೋಗುತ್ತೆ ಅಂತ ನಂಬಿದ್ದೆ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ, ಗೊತ್ತಾ? ಅಳೋದೂ ಕೇಳಿಸಿದ್ರೆ ಏರುತ್ತೇನೋ ಅಂತ.”

ಬರೆಯುವುದಕ್ಕೆ ಕೂತರೆ ಊರನ್ನೇ ಬೈಯುವವನು ನಾನು. “ತಪ್ಪಾಯ್ತು ಕಣೇ” ಅಂದೆ. ಅಷ್ಟೇ ಹೊರಟಿತು.

ಹಸಿರು ದೀಪ ಬಿತ್ತು. ಆಮೇಲೆ ಶುರುವಾಯಿತು ನೋಡಿ! ಎರಡು ತಿಂಗಳು ಅದುಮಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು. ಮದುವೆಯಾದ ವರ್ಷದಿಂದ ಹಿಡಿದು ವರ್ಷವಾರು, ಒದ್ದೆ ಟವೆಲ್ಲಿನ ಪ್ರಕರಣ ಒಳಗೊಂಡು, ಗೇರು ಬದಲಿಸಿದಂತೆ ಶ್ರುತಿ ಬದಲಿಸುತ್ತಾ, ಊರಿನ ಈ ತುದಿಯಿಂದ ಆ ತುದಿಯವರೆಗೆ ನಲವತ್ತು ನಿಮಿಷ ಬೈದಳು. ಪಕ್ಕದ ಬಸ್ಸಿನವರು ಕಿಟಕಿ ಸರಿಸಿ ಕೇಳಿದರು. ನಾನು ತಲೆ ಬಗ್ಗಿಸಿ ಕೂತು, ಮರೆಯದೆ ರೆಪ್ಪೆ ಬಡಿಯುತ್ತಿದ್ದೆ.

ಮನೆಯ ಮುಂದೆ ಕಾರು ನಿಂತಿತು. ಅವಳ ಕೈಚೀಲದಲ್ಲಿ ಲಾರಿ ಕೂಗಿತು. ಫೋನು ತೆಗೆದು ನೋಡಿದಳು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು.

“ಎಷ್ಟಿದೆ?” ಅಂದೆ.

“ಹದಿನಾಲ್ಕು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ತುಟಿಯ ಮೂಲೆ ಅಲುಗಿತು. ಆಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದಳು. ಹಣೆ ತಾಗಿ ಹಾರ್ನು ಬಡಿದುಕೊಳ್ಳುತ್ತಿತ್ತು, ಅವಳು ನಗುತ್ತಲೇ ಇದ್ದಳು. ಕಣ್ಣಲ್ಲಿ ನೀರು. ಹಾರ್ನು ಕೇಳಿ ಅತ್ತೆ ಬಾಗಿಲಿಗೆ ಬಂದರು.

“ಅಮ್ಮಾ!” ಅಂತ ಇವಳು ಕಾರಿನಿಂದಲೇ ಕೂಗಿದಳು. “ಎಷ್ಟು ಬೈದ್ರೂ ಇವರಿಗೆ ಪ್ರೆಶರ್ ಏರಲ್ವಂತೆ! ಮೆಷಿನ್ನೇ ಹೇಳಿದೆ!”

ಅತ್ತೆ ಒಳಗೆ ಹೋಗಿ, ರೇಡಿಯೋವನ್ನು ಅದರ ಗಂಟಲು ಒಡೆಯುವಷ್ಟು ಜೋರಾಗಿ ಹಚ್ಚಿದರು. ಎರಡು ತಿಂಗಳ ಕೆಮ್ಮನ್ನೆಲ್ಲ ನಡುಮನೆಯಲ್ಲೇ ಕೆಮ್ಮಿ ತೀರಿಸಿಕೊಂಡರು.

ಹೀಗೆ ವಿಜ್ಞಾನ ನನ್ನ ಮನೆಯಲ್ಲಿ ಒಂದು ಸಂಗತಿಯನ್ನು ನಿಸ್ಸಂಶಯವಾಗಿ ರುಜುವಾತುಪಡಿಸಿದೆ. ಈಗ ಅವರಿಬ್ಬರೂ ನನ್ನನ್ನು ಯಾವ ಹೊತ್ತಿನಲ್ಲಿ, ಯಾವ ಶ್ರುತಿಯಲ್ಲಿ, ಎಷ್ಟು ಹೊತ್ತು ಬೇಕಾದರೂ ಬೈಯಬಹುದು. ವೈದ್ಯಕೀಯವಾಗಿ ಯಾವ ಅಡ್ಡಿಯೂ ಇಲ್ಲ. ಸಂಜೆಯ ಬ್ಯಾಚು ಮತ್ತೆ ಶುರುವಾಗಿದೆ, ಇಬ್ಬರು ಹೊಸಬರು ಸೇರಿದ್ದಾರೆ. ಮರುದಿನ ಲಾಂಡ್ರಿಯಲ್ಲಿ ಧ್ಯಾನಿಯ ಮೇಜಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಕೈಲಿದ್ದ ಹೊದಿಕೆ ಮಡಚುವುದನ್ನು ನಿಲ್ಲಿಸಲಿಲ್ಲ. “ನಾಲ್ಕು ದಿನವಾ?” ಅಂತ ಮಾತ್ರ ಕೇಳಿದ. “ಹೌದು” ಅಂದೆ. “ನನ್ನ ಕೈಲಿ ಅಷ್ಟು ಆಗ್ತಿರಲಿಲ್ಲಪ್ಪ” ಅಂದ.

ಹನಿಯನ್ನು ಈಗ ನಾನು ಹಾಕಿಕೊಳ್ಳುವುದಿಲ್ಲ. ಬೆಳಿಗ್ಗೆ ಎಂಟಕ್ಕೆ, ಸಂಜೆ ಬ್ಯಾಚಿನಿಂದ ಬಂದ ಕೂಡಲೇ, ಅವಳೇ ಬಂದು ಗಲ್ಲ ಹಿಡಿದು ಮುಖ ಮೇಲೆತ್ತುತ್ತಾಳೆ. “ಅಲ್ಲಾಡಬೇಡಿ. ಮೇಲೆ ನೋಡಿ. ಹಾಂ.” ತಣ್ಣನೆಯ ಒಂದು ಹನಿ. ಚುರ್ ಅನ್ನುತ್ತದೆ. ಹತ್ತು ನಿಮಿಷ ಮಂಜು. ಆ ಮಂಜಿನಲ್ಲಿ ಅವಳ ಮುಖ ದೊಡ್ಡದಾಗಿ, ಅಂಚಿಲ್ಲದೆ ಕಾಣುತ್ತದೆ. ಎಡ ಮೂಲೆಯಲ್ಲಿ ಅವಳ ಕಿವಿಯೋಲೆ ಇರಬೇಕಾದ ಜಾಗದಲ್ಲಿ ಏನೂ ಕಾಣುವುದಿಲ್ಲ. ತಲೆ ತಿರುಗಿಸಿದರೆ ಕಾಣುತ್ತದೆ. ತಿರುಗಿಸುತ್ತೇನೆ.

ನನ್ನ ಕಥೆ ಸಾಕು. ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಕಣ್ಣಿನ ಪ್ರೆಶರ್ ಕೊನೆಯ ಸಲ ನೋಡಿಸಿದ್ದು ಯಾವಾಗ? ‘ನನಗೆ ಚೆನ್ನಾಗೇ ಕಾಣುತ್ತೆ’ ಅನ್ನಬೇಡಿ. ನನಗೂ ಚೆನ್ನಾಗೇ ಕಾಣುತ್ತಿತ್ತು. ನಲವತ್ತು ದಾಟಿದ್ದರೆ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದಿದ್ದರೆ, ಈ ವಾರವೇ ಹೋಗಿ ತೋರಿಸಿ. ಆಗಲೇ ತೋರಿಸಿ ಹನಿ ಬರೆಸಿಕೊಂಡವರು ನೀವಾದರೆ, ಆ ಸೀಸೆ ಎಲ್ಲಿದೆ? ಕಪಾಟಿನ ಹಿಂದೆಯೋ, ಬ್ಯಾಗಿನ ತಳದಲ್ಲೋ? ಇವತ್ತಿನದು ಹಾಕಿಕೊಂಡಿರಾ? ನಿಜ ಹೇಳಿ. ಪತ್ರಿಕೆ ಕೆಳಗಿಡಿ. ಏಳಿ, ಹೋಗಿ ಹಾಕಿಕೊಳ್ಳಿ.